ಮಕ್ಕಳೇಕೆ ಮಹಾನಗರಕ್ಕೆ ಹೋಗುವರು?

ಜ್ಯೇಷ್ಠ ಮಾಸ ಕಾಲಿಟ್ಟಿತೆಂದರೆ ಶ್ರೀಮಠದ ಕಟ್ಟೆಯ ಮೇಲೆ ಎರಡೇ ಮಾತು. ಒಂದು ಮಳೆಯದು, ಇನ್ನೊಂದು ಕಾಲೇಜಿನದು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಕಡೆಯಿಂದ ಬರುವ ಸದ್ಭಕ್ತರು ಬಿತ್ತನೆಯ ಚಿಂತೆಯೊಡನೆ ಮಕ್ಕಳ ಚಿಂತೆಯನ್ನೂ ಹೊತ್ತು ತರುತ್ತಾರೆ. "ಯಪ್ಪಾ, ಊರಾಗೇ ಕಾಲೇಜ ಅದ. ಆದ್ರೂ ಇಂವ ಬೆಂಗಳೂರೇ ಬೇಕಂತಾನ. ನೀವಾದ್ರೂ ಒಂದ್ ಮಾತು ಹೇಳ್ರಿ" ಎಂದು ತಾಯಿ ಮಗನನ್ನು ಮುಂದೆ ನೂಕುತ್ತಾಳೆ. ಮಗ ನೆಲ ನೋಡುತ್ತ ನಿಲ್ಲುತ್ತಾನೆ. ನಾವು ನಾಲ್ಕು ಬುದ್ಧಿಮಾತು ಹೇಳಿ ಅವನನ್ನು ಊರಿನಲ್ಲಿಯೇ ನಿಲ್ಲಿಸಬೇಕೆಂಬುದು ಹಿರಿಯರ ಅಪೇಕ್ಷೆ. ಹಾಗೆ ಮಾಡಲು ನಮಗೆ ಮನಸ್ಸು ಬಾರದು. ಏಕೆಂಬುದನ್ನು ವಾಚಕರ ಮುಂದೆ ಇಡಬೇಕಾಗಿದೆ.

ಪಟ್ಟಣದ ಥಳಕು ಮಕ್ಕಳನ್ನು ಸೆಳೆಯುತ್ತದೆ ಎಂಬುದು ಹಳೆಯ ದೂರು. ಸಿನಿಮಾ, ಹೋಟೆಲು, ವೇಷಭೂಷಣ ಎಂದು ಹಿರಿಯರು ಪಟ್ಟಿ ಮಾಡುವರು. ಆದರೆ ಆ ಥಳಕೆಲ್ಲ ಇಂದು ಮೊಬೈಲಿನಲ್ಲಿ ಹೊಲದ ಬದುವಿನ ಮೇಲೆಯೇ ದೊರೆಯುತ್ತದೆ. ಅದಕ್ಕಾಗಿ ಯಾರೂ ರಾತ್ರಿಯೆಲ್ಲ ರೈಲಿನಲ್ಲಿ ನಿಂತು ಬೆಂಗಳೂರಿಗೆ ಹೋಗಬೇಕಾಗಿಲ್ಲ. ಕಾರಣ ಬೇರೆ ಇರಲೇಬೇಕು.

ಓದಲು ಊರು ಬಿಡುವುದು ಈ ಸೀಮೆಗೆ ಹೊಸದಲ್ಲ. ಹಿಂದೊಮ್ಮೆ ಜನ ಇಲ್ಲಿಗೇ ಓದಲು ಬರುತ್ತಿದ್ದರು. ನಾಗಾವಿ ಎಲ್ಲಮ್ಮನ ಜಾತ್ರೆಗೆ ಹೋಗುವ ಭಕ್ತರು ಅಲ್ಲಿಯ ಅರವತ್ತು ಕಂಬದ ಗುಡಿಯನ್ನು ನೋಡಿರುತ್ತಾರೆ. ಚಿತ್ತಾಪುರದ ಮಗ್ಗುಲಲ್ಲೇ ಇರುವ ಆ ನಾಗಾವಿಯಲ್ಲಿ ಹನ್ನೊಂದನೆಯ ಶತಮಾನದಲ್ಲಿ ಘಟಿಕಾಸ್ಥಾನವಿತ್ತು. ಕಲ್ಯಾಣದ ಚಾಲುಕ್ಯ ಒಂದನೆಯ ಸೋಮೇಶ್ವರನ ಕಾಲದ, ಕ್ರಿ.ಶ. 1058ರ ಶಾಸನವು ವೇದಾಧ್ಯಯನ ಮಾಡುವ ಇನ್ನೂರು ವಿದ್ಯಾರ್ಥಿಗಳನ್ನೂ ಶಾಸ್ತ್ರ ಓದುವವರನ್ನೂ ಪುಸ್ತಕ ಭಂಡಾರವನ್ನು ನೋಡಿಕೊಳ್ಳುವ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಹೇಳುತ್ತದೆ. ಆರು ಮಂದಿ ಗ್ರಂಥಪಾಲಕರು! ಈ ಐದೂ ಊರುಗಳ ಕಾಲೇಜುಗಳಲ್ಲಿ ಇಂದು ಒಟ್ಟು ಎಷ್ಟು ಮಂದಿ ಇರುವರೆಂದು ವಾಚಕರೇ ಎಣಿಸಿ ನೋಡಲಿ. ಇನ್ನೂರು ಮಂದಿ ಓದಿದ್ದು ಗುರುಗಳಿದ್ದರೆಂಬ ಒಂದೇ ಕಾರಣಕ್ಕಲ್ಲ. ಅನ್ನವೂ ಇರಲು ತಾವೂ ಇದ್ದುದರಿಂದ.

ಮುಂದೆ ವಿದ್ಯೆ ರೈಲು ಹೋದ ಕಡೆಗೆ ಹೋಯಿತು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ಹಳಿ ಬಿದ್ದಿತು. ಚಿತ್ತಾಪುರ, ಮಳಖೇಡ ರೋಡ್, ಸೇಡಂಗಳನ್ನು ದಾಟಿ ತಾಂಡೂರಿನ ಮೇಲೆ ಅದು ಹೈದರಾಬಾದಿನ ಬಾಗಿಲಿಗೆ ಒಯ್ಯುತ್ತಿತ್ತು. ರೈಲಿಲ್ಲದ ಚಿಂಚೋಳಿಯವರೂ ತಾಂಡೂರಿಗೆ ಹೋಗಿಯೇ ಗಾಡಿ ಹಿಡಿಯುವರು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ಬೋಧನೆ ಉರ್ದುವಿನಲ್ಲಿ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಉರ್ದು. ಆದರೂ ನಮ್ಮವರು ಹೋದರು, ಕಲಿತರು, ವಕೀಲರಾದರು, ತಹಶೀಲ್ದಾರರಾದರು. 1938ರಲ್ಲಿ ವಂದೇ ಮಾತರಂ ಹಾಡಿದ ತಪ್ಪಿಗೆ ಅಲ್ಲಿಂದ ಹೊರಹಾಕಲ್ಪಟ್ಟ ವಿದ್ಯಾರ್ಥಿಗಳು ನಾಗಪುರಕ್ಕೆ ಹೋಗಿ ಓದು ಮುಂದುವರಿಸಿದರು. 1956ರ ಏಕೀಕರಣದ ಬಳಿಕ ದಿಕ್ಕು ತಿರುಗಿತು. 1958ರಲ್ಲಿ ಮಹಾದೇವಪ್ಪ ರಾಂಪುರೆಯವರು ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ ಬಂದಿತು. ನಮ್ಮ ಸೀಮೆಗೆ ಕಲಬುರಗಿಯೇ ದೊಡ್ಡ ಪಟ್ಟಣವಾಯಿತು.

ಈಗ ಸೇಡಂ, ಚಿತ್ತಾಪುರ, ಚಿಂಚೋಳಿಗಳಲ್ಲಿ ಸರ್ಕಾರಿ ಪದವಿ ಕಾಲೇಜುಗಳುಂಟು. ಅತಿಥಿ ಉಪನ್ಯಾಸಕರು ಅಲ್ಪ ಸಂಬಳದಲ್ಲಿ ಮನಮುಟ್ಟಿ ಪಾಠ ಹೇಳುವುದನ್ನು ನಾವು ಬಲ್ಲೆವು. ಅವರನ್ನು ಹಗುರಾಗಿ ಕಾಣುವ ಮಾತು ಬೇಡ. ಹಾಗಿದ್ದೂ ಮಕ್ಕಳು ಹೋಗುತ್ತಾರೆ. ಏಕೆಂದು ನಾವು ಅವರನ್ನೇ ಕೇಳುತ್ತ ಬಂದಿದ್ದೇವೆ.

ವಾಡಿಯ ಒಬ್ಬ ಹುಡುಗ ಹೇಳಿದ್ದು ಮನಸ್ಸಿನಲ್ಲಿ ಉಳಿದಿದೆ. ಅಲ್ಲಿ 1968ರಿಂದ ಸಿಮೆಂಟಿನ ಕಾರ್ಖಾನೆ ನಡೆದಿದೆ; ಸೇಡಂ, ಮಳಖೇಡಗಳಲ್ಲಿಯೂ ಕಾರ್ಖಾನೆಗಳಿವೆ. ನೆಲ ನಮ್ಮದು, ಸುಣ್ಣದ ಕಲ್ಲು ನಮ್ಮದು. ಹುಡುಗನ ತಂದೆ ಒಳಗೆ ಗುತ್ತಿಗೆಯ ಕೂಲಿ. "ಅಪ್ಪಾರೀ, ನಮ್ಮ ಮನಿ ಮಾಳಿಗಿ ಮ್ಯಾಲಿಂದ ಆ ಗೇಟು ಕಾಣಸ್ತದ. ಆದ್ರ ಒಳಗ ಕುರ್ಚಿ ಮ್ಯಾಲ ಕೂಡಬೇಕಂದ್ರ ಬೆಂಗಳೂರು ಸುತ್ತಿ ಬರಬೇಕ್ರಿ" ಎಂದ. ಇದಕ್ಕೆ ನಾವು ಯಾವ ಬುದ್ಧಿಮಾತು ಹೇಳೋಣ?

ಶಹಾಬಾದಿನ ಇನ್ನೊಬ್ಬ ಹುಡುಗನ ತಂದೆ ಫರಸಿ ಖಣಿಯಲ್ಲಿ ಕಲ್ಲು ಒಡೆಯುವವರು. ಅವನ ಉತ್ತರ ಇನ್ನೂ ಚುರುಕು: "ಇಲ್ಲಿ ನಾ ಇಂಥವನ ಮಗ, ಇಂಥ ಓಣಿಯವ. ಅಲ್ಲಿ ಬರೇ ನನ್ನ ನಂಬರ ಕೇಳ್ತಾರ್ರಿ." ಊರು ತಾಯಿಯಂತೆ ಸಲಹುತ್ತದೆ, ದಿಟ, ಹಾಗೆಯೇ ಮಗುವಿನ ಹಣೆಯ ಮೇಲೆ ಅದರ ಓಣಿಯನ್ನೂ ಬರೆದುಬಿಡುತ್ತದೆ. ಕುಲ ಕೇಳದ ಶರಣಧರ್ಮವನ್ನು ಪ್ರತಿ ಸೋಮವಾರ ಪ್ರವಚನದಲ್ಲಿ ಹೇಳುವ ನಾವು, ಆ ಸುಖವನ್ನು ಹುಡುಗನೊಬ್ಬ ಬೆಂಗಳೂರಿನ ಹಾಜರಿ ಪುಸ್ತಕದಲ್ಲಿ ಹುಡುಕಿಕೊಂಡು ಹೋಗುವನೆಂದರೆ ತಲೆ ತಗ್ಗಿಸಿ ಕೇಳಬೇಕಾಗುತ್ತದೆ. ಬಸವಣ್ಣನವರೂ ಬಾಗೇವಾಡಿಯಲ್ಲಿಯೇ ನಿಲ್ಲಲಿಲ್ಲ. ಮೊದಲು ಸಂಗಮಕ್ಕೆ ಹೋದರು, ಆಮೇಲೆ ಅಂದಿನ ಮಹಾನಗರವಾದ ಕಲ್ಯಾಣಕ್ಕೆ.

ಇದರಲ್ಲಿ ನಮ್ಮ ಅನುಭವವೂ ಸ್ವಲ್ಪ ಬೆರೆತಿದೆ. ಸಂಸ್ಕೃತ ಪಾಠಶಾಲೆಯ ಓದು ಮುಗಿದ ಮೇಲೆ ಹಿರಿಯ ಗುರುಗಳು ನಮ್ಮನ್ನು ಎಂ.ಎ. ಓದಲು ಧಾರವಾಡಕ್ಕೆ ಕಳಿಸಿದರು. ಕಾವಿ ಉಟ್ಟವರಿಗೆ ಗುಂಪಿನಲ್ಲಿ ಮರೆಯಾಗುವ ಭಾಗ್ಯವಿಲ್ಲ. ಆದರೂ ಬೆಳಿಗ್ಗೆ ನಮಗೆ ಕೈಮುಗಿದ ಪ್ರಾಧ್ಯಾಪಕರೇ ಅಂಕ ಕೊಡುವಾಗ ನಮ್ಮನ್ನು ಉಳಿದವರ ಸಾಲಿನಲ್ಲಿಯೇ ನಿಲ್ಲಿಸಿದರು. ಆ ಸಾಲಿನಲ್ಲಿ ನಿಲ್ಲುವ ಆನಂದ ಎಂಥದೆಂಬುದು ನಮಗೆ ಗೊತ್ತು.

ಯಾವ ಪಟ್ಟಣ, ಯಾವ ಕಾಲೇಜು ಎಂಬುದನ್ನು ನಿಶ್ಚಯಿಸುವುದು ಮಾತ್ರ ಜಾಹೀರಾತೂ ಅಲ್ಲ, ಕಾಲೇಜಿನ ಕೀರ್ತಿಯೂ ಅಲ್ಲ. ನಾವು ಕಂಡಂತೆ ಅದನ್ನು ನಿಶ್ಚಯಿಸುವುದು ಒಂದು ಬಾಡಿಗೆ ಕೋಣೆ. ಓಣಿಯ ಒಬ್ಬ ಹುಡುಗ ಬೆಂಗಳೂರಿಗೆ ಹೋಗಿ ಕೋಣೆ ಹಿಡಿದನೆಂದರೆ ಮರುವರ್ಷ ಅದೇ ಓಣಿಯ ಮೂವರು ಅಲ್ಲಿಗೆ ಹೋಗುತ್ತಾರೆ. ಅರ್ಜಿ ಎಲ್ಲಿ ತುಂಬಬೇಕು, ವಿದ್ಯಾರ್ಥಿವೇತನಕ್ಕೆ ಕಡೆಯ ದಿನ ಯಾವುದು, ಯಾವ ಪರೀಕ್ಷೆಗೆ ಯಾವ ಪುಸ್ತಕ, ಎಲ್ಲವನ್ನೂ ಹೇಳಿಕೊಡುವವನು ಆ ಕೋಣೆಯ ಹಿರಿಯ ಹುಡುಗ. 371 (ಜೆ) ವಿಧಿಯಿಂದ ನಮ್ಮ ಭಾಗದ ವಿದ್ಯಾರ್ಥಿಗಳಿಗೆ ಇಲ್ಲಿಯ ಸಂಸ್ಥೆಗಳಲ್ಲಿ ಶೇಕಡಾ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇಕಡಾ 8 ಸ್ಥಾನಗಳ ಮೀಸಲಾತಿ 2013ರಲ್ಲಿ ಜಾರಿಗೆ ಬಂದಿತು. ಅದರ ಪ್ರಮಾಣಪತ್ರಕ್ಕೆ ಸೇಡಂನ ಉಪವಿಭಾಗಾಧಿಕಾರಿಗಳ ಕಚೇರಿಗೆ ಯಾವ ಕಾಗದ ಒಯ್ಯಬೇಕೆಂದು ಹುಡುಗರು ತಿಳಿದುಕೊಳ್ಳುವುದೂ ಬಹುಮಟ್ಟಿಗೆ ಇಂಥವರಿಂದಲೇ. ಅದಿಲ್ಲದೆ ಸೀಟು ಸಿಕ್ಕೀತು ಎಂದು ಕಾದವರು ಕೈ ಹಿಸುಕಿಕೊಂಡದ್ದನ್ನು ನೋಡಿದ್ದೇವೆ.

ಫೀ ಕಟ್ಟುವ ಕಾಲವೂ ನಮ್ಮ ರೈತನಿಗೆ ಶತ್ರು. ತೊಗರಿ ರಾಶಿಯಾಗುವುದು ಪುಷ್ಯ ಮಾಘಗಳಲ್ಲಿ. ಕಾಲೇಜು ಹಣ ಕೇಳುವುದು ಬೀಜ ಗೊಬ್ಬರಗಳಿಗೆ ಸಾಲ ಮಾಡುವ ಹೊತ್ತಿನಲ್ಲಿ. ಮನೆಯಲ್ಲಿ ಒಬ್ಬರನ್ನಷ್ಟೇ ಕಳಿಸಲು ಸಾಧ್ಯವೆಂದಾಗ ಆ ಒಬ್ಬರು ಗಂಡುಮಗನೇ ಆಗಿರುತ್ತಾನೆ.

ಹೆಣ್ಣುಮಕ್ಕಳ ವಿಷಯ ಹೀಗಾಗಿ ಬೇರೆಯೇ. 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿನ ಹಣವಿಲ್ಲ. ಅದರಿಂದ ಬಹಳ ಉಪಕಾರವಾಗಿದೆ. ಸೇಡಂ, ಚಿತ್ತಾಪುರಗಳಿಂದ ನಸುಕಿನ ಬಸ್ಸಿಗೆ ಹೊರಟು ಕಲಬುರಗಿಯಲ್ಲಿ ಓದಿ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವ ಮಕ್ಕಳಿದ್ದಾರೆ. ಆದರೆ ಕಡೆಯ ಪೀರಿಯಡ್ಡು ಬಸ್ಸಿಗಾಗಿ ಹೋಗುತ್ತದೆ. ಗ್ರಂಥಾಲಯದಲ್ಲಿ ಕೂಡಲು ಹೊತ್ತೇ ಇಲ್ಲ. ಬಿ.ಎಸ್ಸಿ. ಓದುವ ಮಗಳೊಬ್ಬಳನ್ನು "ಏನವ್ವಾ, ಕಲಬುರಗಿ ಹೆಂಗದ?" ಎಂದು ಕೇಳಿದೆವು. "ಅಪ್ಪಾರೀ, ನಾ ಕಾಲೇಜ ನೋಡೀನಿ, ಬಸ್‌ಸ್ಟ್ಯಾಂಡ ನೋಡೀನಿ. ಕಲಬುರಗಿ ನೋಡಿಲ್ರಿ" ಎಂದಳು. ಅಣ್ಣನಿಗೆ ದೊರೆತ ಕೋಣೆ, ಆ ಕೋಣೆಯ ಹಿರಿಯ ಗೆಳೆಯ, ರಾತ್ರಿಯ ಚರ್ಚೆ, ಇವಾವುವೂ ಅವಳ ಪಾಲಿಗಿಲ್ಲ.

ಊರಿನಲ್ಲಿಯೇ ಮಠದಿಂದ ಒಂದು ಪದವಿ ಕಾಲೇಜು ತೆರೆದರೆ ಮಕ್ಕಳು ಹೊರಗೆ ಹೋಗುವುದು ನಿಂತೀತೆಂದು ಹಲವು ಭಕ್ತರು ಒತ್ತಾಯಿಸುತ್ತಿದ್ದಾರೆ. ಅವರ ಪ್ರೀತಿ ದೊಡ್ಡದು. ಆದರೆ ಇರುವ ಕಾಲೇಜುಗಳ ಬೆಂಚುಗಳೇ ತುಂಬದಿರುವಾಗ ಇನ್ನೊಂದು ಕಟ್ಟಡವೇಕೆ? ಮಠಗಳು ಕನ್ನಡ ನಾಡಿನ ವಿದ್ಯೆಗೆ ಮಾಡಿದ ದೊಡ್ಡ ಸೇವೆ ಅನ್ನ ಮತ್ತು ವಸತಿಯದು. ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗೆಗಳು ಕಣ್ಣಮುಂದಿವೆ. ನಮ್ಮ ವಿಚಾರದಲ್ಲಿ ಈಗ ಬೇಕಾದುದು ಕಲಬುರಗಿಯಲ್ಲಿ ಹೆಣ್ಣುಮಕ್ಕಳಿಗೆ ಒಂದು ಪ್ರಸಾದನಿಲಯ. ಸರ್ಕಾರದ ವಸತಿನಿಲಯಗಳುಂಟು, ಅರ್ಜಿ ಹಾಕಿದವರಿಗೆಲ್ಲ ಅಲ್ಲಿ ತಾವು ದೊರೆಯದು.

ಸಭೆಯಲ್ಲಿ ಒಬ್ಬ ಹಿರಿಯರು "ನಮ್ಮ ಸಮಾಜದ ಹುಡಿಗ್ಯಾರಿಗಷ್ಟೇ ಅಲ್ಲೇನ್ರಿ?" ಎಂದು ಕೇಳಿದರು. ಅಲ್ಲ, ಎಲ್ಲರಿಗೂ ಎಂದು ಹೇಳಿದೆವು. ಅವರು ಸುಮ್ಮನಾದರು, ಒಪ್ಪಿದರೋ ಇಲ್ಲವೋ ತಿಳಿಯದು. ಬಾಗಿಲು ಸಂಜೆ ಆರಕ್ಕೇ ಹಾಕಬೇಕೆಂದು ಇನ್ನು ಕೆಲವರು ಪಟ್ಟು ಹಿಡಿದರು. ಓದಬೇಕಾದ ಮಕ್ಕಳನ್ನು ಕೇಳಿದರೆ ಎಂಟೂವರೆ ಎನ್ನುತ್ತಾರೆ. ನಾವು ಮಕ್ಕಳ ಕಡೆ.

ಕಲಬುರಗಿಯಲ್ಲಿ ಮನೆ ಖಾಲಿ ಇರುವ ನಮ್ಮ ಹಳೆಯ ವಿದ್ಯಾರ್ಥಿಗಳು ಮಠದ ಕಾರ್ಯಾಲಯಕ್ಕೆ ತಿಳಿಸಬೇಕು. ಮೊದಲಿಗೆ ಹತ್ತು ಮಕ್ಕಳಿಗೆ ಸಾಲುವಷ್ಟು ಕೋಣೆ, ನೀರು, ಒಂದು ಅಡುಗೆಮನೆ ಇದ್ದರೆ ಆಯಿತು. ಚಿಂಚೋಳಿ ಕಡೆಯ ಇಬ್ಬರು ಭಕ್ತರು ರಾಶಿಯಾದ ಮೇಲೆ ತಲಾ ಎರಡು ಚೀಲ ತೊಗರಿ ಕಳಿಸುವುದಾಗಿ ಈಗಾಗಲೇ ಬರೆಸಿದ್ದಾರೆ.