ಹೊದಿಕೆಯ ಬೆನ್ನಿನ ಹೆಸರುಗಳು

1983ರಲ್ಲಿ ಜರ್ಮನಿಯ ಇಸಿಎಂ ಕಂಪನಿ 'ಜ್ಯೋತಿ' ಎಂಬ ಎಲ್‌ಪಿಯನ್ನು ಹೊರತಂದಿತು. ಸ್ಯಾಕ್ಸೊಫೋನ್ ಮತ್ತು ಕೊಳಲು ಬಾಸ್ಟನ್ನಿನ ಚಾರ್ಲಿ ಮರಿಯಾನೊ ಅವರದು. ಜೊತೆಗಿದ್ದವರೆಲ್ಲ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್‌ನವರು: ಗಾಯನಕ್ಕೆ ಆರ್.ಎ. ರಮಾಮಣಿ, ಮೃದಂಗಕ್ಕೆ ಟಿ.ಎ.ಎಸ್. ಮಣಿ, ಘಟ ಮತ್ತು ಮೋರ್ಚಿಂಗಿಗೆ ಆರ್.ಎ. ರಾಜಗೋಪಾಲ್, ಖಂಜಿರಕ್ಕೆ ಟಿ.ಎನ್. ಶಶಿಕುಮಾರ್. ಗಿಟಾರಿಲ್ಲ, ಡ್ರಮ್ ಸೆಟ್ಟಿಲ್ಲ. ರಮಾಮಣಿಯವರ ದನಿಯೂ ಮರಿಯಾನೊ ಅವರ ಉಸಿರೂ ಒಂದೇ ಎಳೆ ಹಿಡಿದು ಸಾಗುವಾಗ ಯಾವುದು ಯಾವುದಕ್ಕೆ ಪಕ್ಕವಾದ್ಯ ಎಂದು ಹೇಳಲಾಗದು. ಜಾಜ್ ಫ್ಯೂಷನ್ ಎಂದೊಡನೆ ಮೈಲ್ಸ್ ಡೇವಿಸ್ ಅವರ 'ಬಿಚಸ್ ಬ್ರೂ', ಮಹಾವಿಷ್ಣು ಆರ್ಕೆಸ್ಟ್ರಾದ 'ಬರ್ಡ್ಸ್ ಆಫ್ ಫೈರ್' ನೆನಪಾಗುತ್ತವೆ, ಆಗಲೇಬೇಕು. ಆದರೆ 'ಜ್ಯೋತಿ'ಯ ಹೆಸರು ಬೆಂಗಳೂರಿನಲ್ಲೇ ಎಷ್ಟು ಮಂದಿಗೆ ಗೊತ್ತು? ಜಾಜ್ ಎಂದು ಬರೆದ ಗೂಡಿಗೆ ಅದು ತೀರಾ ಭಾರತೀಯ, ಕರ್ನಾಟಕ ಸಂಗೀತದ ಗೂಡಿಗೆ ತೀರಾ ಪರದೇಶಿ. ಇಡಲು ಜಾಗವಿಲ್ಲದ್ದು ಮಾರಾಟವಾಗುವುದಿಲ್ಲ, ಮಾರಾಟವಾಗದ್ದು ಮಾತಿಗೆ ಬರುವುದಿಲ್ಲ. ಆದ್ದರಿಂದ ಮರೆಯಾದ ಆಲ್ಬಂಗಳನ್ನು ಹುಡುಕುವವರು ಪ್ರಕಾರದ ಹೆಸರನ್ನು ಬದಿಗಿಟ್ಟು ನುಡಿಸಿದವರ ಹೆಸರು ಹಿಡಿದು ಹೊರಡಬೇಕು ಎಂಬುದು ನನ್ನ ವಾದ.

ಮರಿಯಾನೊ ಅವರನ್ನೇ ಹಿಂಬಾಲಿಸಿ ನೋಡಿ. 1963ರಲ್ಲಿ ಚಾರ್ಲ್ಸ್ ಮಿಂಗಸ್ ಅವರ 'ದ ಬ್ಲ್ಯಾಕ್ ಸೇಂಟ್ ಆ್ಯಂಡ್ ದ ಸಿನ್ನರ್ ಲೇಡಿ'ಯಲ್ಲಿ ಕರುಳು ಹಿಂಡುವಂತೆ ಆಲ್ಟೊ ಸ್ಯಾಕ್ಸೊಫೋನ್ ನುಡಿಸಿದವರು ಇವರೇ. ಮುಂದೆ ನಾಗಸ್ವರವನ್ನೂ ಕಲಿತರು. 1973ರಲ್ಲಿ ಮ್ಯೂನಿಕ್‌ನ ಎಂಬ್ರಿಯೊ ಎಂಬ ರಾಕ್ ತಂಡದ 'ವಿ ಕೀಪ್ ಆನ್'ನಲ್ಲಿ ಮತ್ತೆ ಸಿಗುತ್ತಾರೆ. ಅದೇ ಎಂಬ್ರಿಯೊ 1978–79ರಲ್ಲಿ ರಸ್ತೆ ಮಾರ್ಗದಲ್ಲೇ ಭಾರತದವರೆಗೆ ಬಂದಿತು. ಕರ್ನಾಟಕ ಕಾಲೇಜಿನವರ ಜೊತೆ 'ಲೈಫ್' ಎಂಬ ಆಲ್ಬಂ ಮಾಡಿತು. ಎಂಬ್ರಿಯೊದಿಂದ ಹೊರಬಂದವರು ಕಟ್ಟಿದ ಡಿಸಿಡೆಂಟನ್ ತಂಡ 1982ರ 'ಜರ್ಮನಿಸ್ತಾನ್'ಗೂ ಈ ಕಾಲೇಜಿನವರನ್ನೇ ಜೊತೆಗೂಡಿಸಿಕೊಂಡಿತು. ಪ್ರಕಾರಗಳ ಪಟ್ಟಿಯಲ್ಲಿ ಇವೆಲ್ಲ ಬೇರೆ ಬೇರೆ ಊರಿನ ನೆಂಟರಂತೆ ಚೆದುರಿವೆ. ಹೆಸರುಗಳಲ್ಲಿ ಒಂದೇ ಮನೆಯವು.

ಕಾಲವೇ ಜರಡಿ, ಗಟ್ಟಿಯಾದದ್ದು ತಾನಾಗಿ ಉಳಿಯುತ್ತದೆ ಎನ್ನುವವರಿದ್ದಾರೆ. ಜನ ಕೇಳಿ ಬಿಟ್ಟದ್ದಕ್ಕೆ ಈ ಮಾತು ಸಲ್ಲಬಹುದು. ಕೇಳಿಸಿಕೊಳ್ಳುವ ಅವಕಾಶವೇ ಸಿಗದ್ದಕ್ಕೆ ಹೇಗೆ ಸಲ್ಲುತ್ತದೆ? ಇಂಗ್ಲೆಂಡಿನ ನ್ಯಾಷನಲ್ ಹೆಲ್ತ್ ತಂಡವನ್ನು ನೋಡಿ. ಎಗ್, ಹ್ಯಾಟ್‌ಫೀಲ್ಡ್ ಆ್ಯಂಡ್ ದ ನಾರ್ತ್ ತಂಡಗಳಲ್ಲಿ ಪಳಗಿದ ಡೇವ್ ಸ್ಟುವರ್ಟ್, ಗಿಲ್ಗಮೆಷ್‌ನ ಆ್ಯಲನ್ ಗೋವನ್, ಇಬ್ಬರು ಕೀಬೋರ್ಡ್ ವಾದಕರು ಸೇರಿ 1975ರಲ್ಲಿ ಕಟ್ಟಿದ್ದು. ಮೊದಲ ಎಲ್‌ಪಿ ಹೊರಬರುವಾಗ 1978. ಅಷ್ಟರಲ್ಲಿ ಪಂಕ್ ಬಂದು, ಹತ್ತು ನಿಮಿಷದ ರಚನೆಗಳೆಂದರೆ ಕಂಪನಿಗಳು ಮುಖ ತಿರುಗಿಸುವ ಕಾಲವಾಗಿತ್ತು. ಆ ಸಂಗೀತದಲ್ಲಿ ಕುಂದೇನೂ ಇರಲಿಲ್ಲ. ಸಂತೆ ಮುಗಿದ ಮೇಲೆ ಬಂದ ಸರಕಾಗಿತ್ತು, ಅಷ್ಟೆ.

ಅಪರೂಪದ್ದೆಲ್ಲ ಶ್ರೇಷ್ಠವಲ್ಲ ಎಂಬ ಇನ್ನೊಂದು ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಏಳು, ಒಂಬತ್ತು ಎಣಿಕೆಯ ಲೆಕ್ಕವನ್ನೇ ಸಂಗೀತವೆಂದುಕೊಂಡ ಪ್ರೋಗ್ರೆಸಿವ್ ರಾಕ್ ತಂಡಗಳು ಬೇಕಾದಷ್ಟಿದ್ದವು. ಇಲ್ಲಿ ಕನ್ನಡದ ಕೇಳುಗರಿಗೆ ಒಂದು ಅನುಕೂಲವಿದೆ. ಮಿಶ್ರಛಾಪು, ಖಂಡಛಾಪುಗಳನ್ನು ಕೇಳುತ್ತಲೇ ಬೆಳೆದ ಕಿವಿ ಬರಿಯ ಲೆಕ್ಕಕ್ಕೆ ಬೆರಗಾಗುವುದಿಲ್ಲ; ಲೆಕ್ಕದಾಚೆ ಏನಿದೆ ಎಂದು ಕೇಳುತ್ತದೆ. ಅಪರೂಪದ ಮೋಹಕ್ಕೆ ಇದಕ್ಕಿಂತ ಒಳ್ಳೆಯ ಮದ್ದಿಲ್ಲ.

ಈಗ ಎಲ್ಲವೂ ಫೋನಿನಲ್ಲೇ ಸಿಗುತ್ತದಲ್ಲ, ಆ್ಯಪ್‌ಗಳೇ ಸೂಚಿಸುತ್ತವಲ್ಲ ಎಂದರೆ, ಆ ಸೂಚನೆ ಹುಟ್ಟುವುದು ಬಹುಪಾಲು ಇತರರು ಈಗಾಗಲೇ ಕೇಳಿದ್ದರಿಂದ. ಕೇಳುಗರಿಲ್ಲದ ಆಲ್ಬಂ ಆ ಸರದಿಯ ಕೊನೆಯಲ್ಲೇ ನಿಂತಿರುತ್ತದೆ. ಹೊದಿಕೆಯ ಮುಂಬದಿ ಪರದೆಯ ಮೇಲೆ ಥಟ್ಟನೆ ಕಾಣುತ್ತದೆ. ಬೆನ್ನಿನ ಮೇಲಿನ ಹೆಸರುಗಳನ್ನು ಕೆದಕಿ ತೆಗೆಯಬೇಕು. ಗೋವನ್ 1981ರಲ್ಲಿ ತೀರಿಕೊಂಡರು. ಮರುವರ್ಷ ಬಂದ ನ್ಯಾಷನಲ್ ಹೆಲ್ತ್‌ನ 'ಡಿ.ಎಸ್. ಅಲ್ ಕೋಡಾ'ದಲ್ಲಿರುವ ರಚನೆಗಳೆಲ್ಲ ಅವರವು, ಗೆಳೆಯರು ಒಟ್ಟುಗೂಡಿ ನುಡಿಸಿದ್ದು. ರಚಿಸಿದವರ ಹೆಸರು ಓದದೆ ಕೇಳಿದರೆ ಅದು ಇನ್ನೊಂದು ಹಳೆಯ ವಾದ್ಯಸಂಗೀತದ ಆಲ್ಬಂ. ಓದಿಕೊಂಡು ಕೇಳಿದರೆ, ಎರಡು ಕೀಬೋರ್ಡುಗಳಿಗಾಗಿ ಹುಟ್ಟಿದ ತಂಡದಲ್ಲಿ ಸ್ಟುವರ್ಟ್ ಒಬ್ಬರೇ ಕೂತಿರುವುದು ಕೇಳಿಸುತ್ತದೆ.