ಖಾಲಿ ಜಾಗಕ್ಕೆ ಒಪ್ಪುವ ಪದ: ಸ್ಲಾಟ್ ಡ್ರಿಲ್‌ನ ಉಪಯೋಗಗಳು

ಪಾಠಯೋಜನೆಯಲ್ಲಿ ‘ಡ್ರಿಲ್’ ಎಂದು ಬರೆಯಲು ಈಗ ನಮಗೆಲ್ಲ ಸ್ವಲ್ಪ ಅಳುಕು. ರಚನಾವಾದ, 5ಇ ಮಾದರಿ, ಚಟುವಟಿಕೆ ಆಧಾರಿತ ಕಲಿಕೆ ಎಂದು ಓದಿ ಬಂದವರಿಗೆ, ಒಂದೇ ಬಗೆಯ ವಾಕ್ಯವನ್ನು ಮಕ್ಕಳಿಂದ ಹತ್ತು ಸಲ ಹೇಳಿಸುವುದು ಹಳೆಯ ಕಾಲದ ಕಂಠಪಾಠದಂತೆ ಕಾಣುತ್ತದೆ. ಆದರೆ ಬೋಧನಾಭ್ಯಾಸಕ್ಕೆಂದು ಶಿಡ್ಲಘಟ್ಟ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಎಂಟನೇ ತರಗತಿಗೆ ವಿಜ್ಞಾನ ಪಾಠ ಮಾಡಿದ ಮೇಲೆ ನನಗೆ ಬೇರೆಯೇ ಅನ್ನಿಸಿದೆ. ಭಾಷಾ ಬೋಧನೆಯವರ ಈ ಹಳೆಯ ಸಾಧನ ವಿಜ್ಞಾನ ಬೋಧಿಸುವ ನಮಗೂ ಬೇಕು. ಮಗುವಿಗೆ ವಿಷಯ ಗೊತ್ತಿಲ್ಲವೋ ಅಥವಾ ಗೊತ್ತಿರುವುದನ್ನು ಹೇಳಲು ವಾಕ್ಯ ಬರುತ್ತಿಲ್ಲವೋ ಎಂಬುದನ್ನು ಇದು ಬೇರ್ಪಡಿಸಿ ತೋರಿಸುತ್ತದೆ.

ಮೊದಲು ಪದದ ಅರ್ಥ. ಗೌರಿಬಿದನೂರಿನಲ್ಲಿರುವ ನನ್ನ ತಮ್ಮ ಐಟಿಐ ಓದಿದವನು. ಅವನಿಗೆ ಸ್ಲಾಟ್ ಡ್ರಿಲ್ ಎಂದರೆ ಮಿಲ್ಲಿಂಗ್ ಯಂತ್ರಕ್ಕೆ ಹಾಕಿ ಲೋಹದಲ್ಲಿ ಉದ್ದನೆಯ ತೋಡು ತೆಗೆಯುವ ಕಟರ್. ಭಾಷಾ ತರಗತಿಯ ಸ್ಲಾಟ್ ಡ್ರಿಲ್ ಅದಲ್ಲ. ಒಂದು ವಾಕ್ಯದ ಚೌಕಟ್ಟನ್ನು ಹಾಗೇ ಉಳಿಸಿಕೊಂಡು, ಅದರ ಒಂದು ಜಾಗವನ್ನು ಖಾಲಿ ಬಿಟ್ಟು, ಶಿಕ್ಷಕರು ಸೂಚಿಸಿದ ಪದವನ್ನು ಅಲ್ಲಿಟ್ಟು ಮಗು ಇಡೀ ವಾಕ್ಯವನ್ನು ಹೇಳುವ ಅಭ್ಯಾಸ ಇದು. ಒಂದೇ ಜಾಗ ಬದಲಾದರೆ ಸರಳ ಡ್ರಿಲ್. ಪ್ರತಿ ಸಲ ಬೇರೆ ಬೇರೆ ಜಾಗ ಬದಲಾದರೆ ಮಗು ಹಿಂದಿನ ವಾಕ್ಯವನ್ನು ನೆನಪಿನಲ್ಲಿಟ್ಟುಕೊಳ್ಳಬೇಕಾಗುತ್ತದೆ. ಒಂದು ಪದ ಬದಲಾದಾಗ ಇನ್ನೊಂದರ ರೂಪವೂ ಬದಲಾಗಬೇಕಾದರೆ ಅದು ಇನ್ನೂ ಕಠಿಣ.

ಇದಕ್ಕೆ ಶತಮಾನ ದಾಟಿದ ಇತಿಹಾಸವಿದೆ. ಹೆರಾಲ್ಡ್ ಪಾಮರ್ 1916ರಲ್ಲೇ ಇಂಗ್ಲಿಷ್ ಕಲಿಯುವವರಿಗಾಗಿ ನೂರು ಬದಲಿಕೆ ಕೋಷ್ಟಕಗಳನ್ನು ಪ್ರಕಟಿಸಿದರು. ಅಮೆರಿಕದ ಮಿಶಿಗನ್‌ನಲ್ಲಿ ಚಾರ್ಲ್ಸ್ ಫ್ರೀಸ್ ಇಂಥ ವಾಕ್ಯಮಾದರಿ ಅಭ್ಯಾಸವನ್ನೇ ಬೋಧನೆಯ ಕೇಂದ್ರವಾಗಿಸಿದರು. ನಮ್ಮಲ್ಲಿ ರಚನಾತ್ಮಕ ಪಠ್ಯಕ್ರಮದ ಜೊತೆಗೆ ಇದು ಶಾಲೆಗಳಿಗೆ ಬಂತು. ಆಮೇಲೆ ಇದರ ವಿರುದ್ಧದ ದೊಡ್ಡ ಪ್ರಯೋಗವೂ ನಮ್ಮ ಪಕ್ಕದಲ್ಲೇ ನಡೆಯಿತು. ಎನ್.ಎಸ್. ಪ್ರಭು ಅವರು 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು ಮುಂತಾದ ಕಡೆಯ ಶಾಲೆಗಳಲ್ಲಿ ನಡೆಸಿದ ಆ ಪ್ರಯೋಗವನ್ನು ಇಂದಿಗೂ ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಕರೆಯುತ್ತಾರೆ. ಮಗುವಿನ ಗಮನ ಅರ್ಥದ ಮೇಲಿದ್ದಾಗಲೇ ಭಾಷೆಯ ರೂಪ ತಾನಾಗಿ ಕೂಡಿಬರುತ್ತದೆ, ವಾಕ್ಯ ಕಂಠಪಾಠದಿಂದಲ್ಲ ಎಂಬುದು ಅವರ ನಿಲುವು. 1987ರಲ್ಲಿ ಅವರ ಪುಸ್ತಕವೂ ಬಂತು. ನಮ್ಮ ಅಳುಕಿನ ಬೇರು ಇಂಥ ಚರ್ಚೆಗಳಲ್ಲಿದೆ. ಆ ಆಕ್ಷೇಪ ಹುರುಳಿಲ್ಲದ್ದಲ್ಲ. ಅದಕ್ಕೆ ಮುಂದೆ ಬರುತ್ತೇನೆ.

ನಮ್ಮ ಜಿಲ್ಲೆಯ ತರಗತಿಯಲ್ಲಿ ಇನ್ನೊಂದು ಸಂಗತಿ ಇದೆ. ಚಿಂತಾಮಣಿ, ಗೌರಿಬಿದನೂರು, ಶಿಡ್ಲಘಟ್ಟದ ಎಷ್ಟೋ ಮನೆಗಳಲ್ಲಿ ಆಡುವ ಮಾತು ತೆಲುಗು. ಕೆಲವು ಮನೆಗಳಲ್ಲಿ ಉರ್ದು. ಆ ಮಕ್ಕಳಿಗೆ ಕನ್ನಡ ಮಾಧ್ಯಮವೆಂದರೆ ಎರಡನೇ ಭಾಷೆಯ ಮಾಧ್ಯಮ. ಒಬ್ಬ ಹುಡುಗ ‘ಅಕ್ಕ ಬಂತು’ ಎಂದಾಗ ತರಗತಿ ನಗುತ್ತದೆ. ಆದರೆ ತೆಲುಗಿನಲ್ಲಿ ಏಕವಚನದ ಸ್ತ್ರೀಲಿಂಗಕ್ಕೂ ನಪುಂಸಕಲಿಂಗಕ್ಕೂ ಕ್ರಿಯಾಪದ ಒಂದೇ: ಅಕ್ಕ ವಚ್ಚಿಂದಿ, ಕುಕ್ಕ ವಚ್ಚಿಂದಿ. ಕನ್ನಡದಲ್ಲಿ ಅಕ್ಕ ಬಂದಳು, ನಾಯಿ ಬಂದಿತು. ಹುಡುಗ ದಡ್ಡನಲ್ಲ, ತನ್ನ ಮನೆಯ ವ್ಯಾಕರಣವನ್ನು ನಿಷ್ಠೆಯಿಂದ ಪಾಲಿಸುತ್ತಿದ್ದಾನೆ. ಇಲ್ಲಿ ವಿವರಣೆಗಿಂತ ಡ್ರಿಲ್ ಬೇಗ ಕೆಲಸ ಮಾಡುತ್ತದೆ. ‘ಅಣ್ಣ’ ಎಂದರೆ ‘ಅಣ್ಣ ಬಂದನು’, ‘ಅಕ್ಕ’ ಎಂದರೆ ‘ಅಕ್ಕ ಬಂದಳು’, ‘ಬಸ್ಸು’ ಎಂದರೆ ‘ಬಸ್ಸು ಬಂದಿತು’. ಎರಡು ನಿಮಿಷ ಸಾಕು. ಎಲ್ಲರೂ ಒಟ್ಟಿಗೆ ಹೇಳುವುದರಿಂದ ಯಾರೊಬ್ಬರೂ ನಗೆಗೀಡಾಗುವುದಿಲ್ಲ.

ವಿಜ್ಞಾನದಲ್ಲಿ ಈ ತೊಂದರೆ ಇನ್ನೂ ದೊಡ್ಡದು. ‘ಮಾರ್ಪಡುತ್ತದೆ’, ‘ಬಿಡುಗಡೆಯಾಗುತ್ತದೆ’, ‘ಹೀರಲ್ಪಡುತ್ತದೆ’ ಎಂಬ ಪಠ್ಯದ ಕನ್ನಡ ಕನ್ನಡ ಮನೆಮಾತಿನ ಮಕ್ಕಳಿಗೂ ಹೊಸದೇ. ನಾನು ರೂಪಪರಿವರ್ತನೆ ಪಾಠ ತೆಗೆದುಕೊಂಡ ತರಗತಿಯಲ್ಲಿ ರೇಷ್ಮೆ ಸಾಕುವ ಮನೆಯ ಒಬ್ಬ ಹುಡುಗಿ ಇದ್ದಳು. ಶಾಲೆಯ ಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ‘ನಿಧಾನ ಕಲಿಕೆ’ ಎಂದು ಬರೆದಿತ್ತು. ರೇಷ್ಮೆ ಹುಳುವಿನ ಜೀವನಚಕ್ರ ಹೇಳೆಂದರೆ ಎದ್ದು ನಿಲ್ಲುತ್ತಿದ್ದಳು, ಮಾತಿಲ್ಲ. ಪಕ್ಕದವಳೊಡನೆ ತೆಲುಗಿನಲ್ಲಿ ಪಿಸುಗುಟ್ಟುವಾಗ ಮಾತ್ರ ಎಲ್ಲವೂ ಸರಾಗ.

ಕಪ್ಪುಹಲಗೆಯ ಮೇಲೆ ಎರಡೇ ಚೌಕಟ್ಟು ಬರೆದೆ. ಒಂದು, ‘___ ___ ಆಗಿ ಮಾರ್ಪಡುತ್ತದೆ’. ಇನ್ನೊಂದು, ‘___ಇಂದ ___ ಹೊರಬರುತ್ತದೆ’. ಮೊದಲು ಪರಿಚಿತ ಪದಗಳು: ಹಾಲು ಮೊಸರಾಗಿ ಮಾರ್ಪಡುತ್ತದೆ, ಮಂಜುಗಡ್ಡೆ ನೀರಾಗಿ ಮಾರ್ಪಡುತ್ತದೆ. ಆಮೇಲೆ ಗೊದಮೊಟ್ಟೆ, ಕಪ್ಪೆ, ಲಾರ್ವಾ, ಪ್ಯೂಪಾ, ಪತಂಗ. ಇಡೀ ತರಗತಿ, ನಂತರ ಸಾಲು, ನಂತರ ಇಬ್ಬಿಬ್ಬರು, ಕೊನೆಗೆ ಒಬ್ಬೊಬ್ಬರು. ಆ ಹುಡುಗಿಯ ಸರದಿ ಬಂದಾಗ ‘ಪ್ಯೂಪಾ ಪತಂಗವಾಗಿ ಮಾರ್ಪಡುತ್ತದೆ’ ಎಂದಳು. ‘ಗೂಡು’ ಎಂದು ಸೂಚಿಸಿದೆ. ‘ಗೂಡಿನಿಂದ ಪತಂಗ ಹೊರಬರುತ್ತದೆ’ ಎಂದು ಹೇಳಿ, ನಿಂತೇ ಇದ್ದು, ‘ಆದ್ರೆ ನಾವು ಬರೋಕೆ ಬಿಡಲ್ಲ ಮಿಸ್, ಬಂದ್ರೆ ನೂಲು ತುಂಡಾಗುತ್ತೆ’ ಎಂದಳು. ಹುಳು ನಾಲ್ಕು ಸಲ ಪೊರೆ ಕಳಚುವುದನ್ನು ಅವರ ಮನೆಯಲ್ಲಿ ಜ್ವರ ಎನ್ನುತ್ತಾರೆ. ಒಂದನೇ ಜ್ವರದಿಂದ ನಾಲ್ಕನೇ ಜ್ವರದವರೆಗೆ ಅವಳು ತಾನಾಗಿಯೇ ಹೇಳಿದಳು. ಅವಳಿಗೆ ಜ್ಞಾನದ ಕೊರತೆ ಇರಲಿಲ್ಲ. ಕೊರತೆ ಇದ್ದದ್ದು ಎರಡು ವಾಕ್ಯದ ಚೌಕಟ್ಟಿನದು. ಆ ಪಟ್ಟಿಯ ಎರಡು ಪದಗಳು ಒಂದು ಮಗುವಿನ ಮುಂದಿನ ಓದನ್ನೇ ನಿರ್ಧರಿಸಬಲ್ಲವು. ಆದ್ದರಿಂದಲೇ ಈ ವ್ಯತ್ಯಾಸವನ್ನು ಗುರುತಿಸುವುದು ನಮ್ಮ ಹೊಣೆ.

ಈಗ ಪ್ರಭು ಅವರ ಆಕ್ಷೇಪಕ್ಕೆ ಬರೋಣ. ಅರ್ಥವಿಲ್ಲದೆಯೂ ಡ್ರಿಲ್ ನಡೆಯಬಲ್ಲದು ಎಂಬುದು ನಿಜ. ರಸಾಯನ ವಿಜ್ಞಾನದ ಒಂದು ಚೌಕಟ್ಟು ನೋಡಿ: ‘ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ___ ಹಾಕಿದಾಗ ಹೈಡ್ರೋಜನ್ ಬಿಡುಗಡೆಯಾಗುತ್ತದೆ’. ಸತು, ಮೆಗ್ನೀಸಿಯಮ್, ಕಬ್ಬಿಣ ಎಂದು ಸೂಚಿಸಿ, ಅದೇ ಲಯದಲ್ಲಿ ‘ತಾಮ್ರ’ ಎಂದರೆ ತರಗತಿ ಹಾಗೇ ಮುಂದುವರಿಯುತ್ತದೆ. ವ್ಯಾಕರಣ ತಾಮ್ರವನ್ನು ಒಪ್ಪುತ್ತದೆ, ಪ್ರನಾಳ ಒಪ್ಪುವುದಿಲ್ಲ. ಆದ್ದರಿಂದ ನಾನು ತಾಮ್ರವನ್ನು ಬೇಕೆಂದೇ ಸೇರಿಸುತ್ತೇನೆ. ಯಾರಾದರೂ ನಿಲ್ಲಿಸಿ ‘ಬಿಡುಗಡೆಯಾಗುವುದಿಲ್ಲ’ ಎಂದರೆ ಡ್ರಿಲ್ ಗೆದ್ದಂತೆ. ಯಾರೂ ನಿಲ್ಲಿಸದಿದ್ದರೆ ಮುಂದಿನ ಕೆಲಸ ಪ್ರಯೋಗ ಮಾಡಿ ತೋರಿಸುವುದು, ಹನ್ನೊಂದನೇ ಸಲ ಹೇಳಿಸುವುದಲ್ಲ.

ಇಂಗ್ಲಿಷ್ ಅವಧಿಗೂ ಇದೇ ನಿಯಮ. ಅಲ್ಲಿ ನಾನು ಬಳಸಿದ ಕೋಷ್ಟಕದಲ್ಲಿ ನಾಲ್ಕು ಕಂಬಸಾಲು: ಮೈ ಮದರ್, ಮೈ ಅಂಕಲ್, ಅವರ್ ನೇಬರ್, ಬೈಸ್, ಸೆಲ್ಸ್, ಟೊಮ್ಯಾಟೋಸ್, ಕಕೂನ್ಸ್, ಗ್ರೇಪ್ಸ್, ಫ್ಲವರ್ಸ್, ಕೊನೆಗೆ ನಮ್ಮ ನಾಲ್ಕು ಊರುಗಳು. 3×2×4×4, ಅಂದರೆ ಹತ್ತು ಚಿಲ್ಲರೆ ಪದಗಳಿಂದ 96 ವಾಕ್ಯಗಳು. ಗಣಿತದ ಕ್ರಮಯೋಜನೆ, ವಿಕಲ್ಪಗಳಿಗೆ ಪೀಠಿಕೆಯೂ ಆಯಿತು. ‘ನಿಮ್ಮ ಮನೆಗೆ ನಿಜವಾದ ವಾಕ್ಯವನ್ನು ಮಾತ್ರ ಹೇಳಿ’ ಎಂಬ ಒಂದು ಷರತ್ತು ಸೇರಿಸಿದೊಡನೆ ಅದು ಕಂಠಪಾಠವಾಗಿ ಉಳಿಯಲಿಲ್ಲ. ಗೂಡು ಮಾರಲು ಶಿಡ್ಲಘಟ್ಟಕ್ಕೆ, ಟೊಮೆಟೊ ಮಾರಲು ಚಿಂತಾಮಣಿಗೆ ಎಂದು ಆರಿಸುವಾಗ ಮಗು ಯೋಚಿಸಲೇಬೇಕು.

ನನ್ನ ಅನುಭವದಲ್ಲಿ ಕಂಡ ಕ್ರಮ ಇಷ್ಟು. ಚೌಕಟ್ಟುಗಳು ಒಂದು ಅವಧಿಗೆ ಎರಡನ್ನು ಮೀರಬಾರದು. ಡ್ರಿಲ್‌ಗೆ ಏಳೆಂಟು ನಿಮಿಷ ಸಾಕು. ಪರಿಚಿತ ಪದಗಳಿಂದ ಆರಂಭಿಸಿ ಪಾಠದ ಪದಗಳಿಗೆ ಬರಬೇಕು. ಚೌಕಟ್ಟಿಗೆ ಹೊಂದಿದರೂ ವಿಷಯಕ್ಕೆ ಹೊಂದದ ಒಂದು ಪದವಾದರೂ ಇರಬೇಕು. ಕೊನೆಯಲ್ಲಿ ಅದೇ ಚೌಕಟ್ಟನ್ನು ಪ್ರಶ್ನೆಯಾಗಿ ತಿರುಗಿಸಲು ಮಕ್ಕಳಿಗೇ ಬಿಡಬೇಕು: ‘ಯಾವುದು ಪತಂಗವಾಗಿ ಮಾರ್ಪಡುತ್ತದೆ?’, ‘ತಾಮ್ರ ಹಾಕಿದರೆ ಏಕೆ ಬಿಡುಗಡೆಯಾಗುವುದಿಲ್ಲ?’. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಹೊರಟು, 1962ರಲ್ಲಿ ಬೆಂಗಳೂರು ವಿಜ್ಞಾನ ವೇದಿಕೆಯನ್ನು ಕಟ್ಟಿದ ಎಚ್. ನರಸಿಂಹಯ್ಯನವರು ಜೀವನವಿಡೀ ಒತ್ತಿ ಹೇಳಿದ್ದು ಪ್ರಶ್ನಿಸುವುದನ್ನು. ಪ್ರಶ್ನೆ ಕೇಳುವ ಧೈರ್ಯಕ್ಕೂ ಮೊದಲು ಒಂದು ಪ್ರಶ್ನಾವಾಕ್ಯ ಬೇಕಲ್ಲವೇ?

ಸಹ ಪ್ರಶಿಕ್ಷಣಾರ್ಥಿಗಳಲ್ಲಿ ನನ್ನದೊಂದು ಸಲಹೆ. ಅವಲೋಕನ ಪುಸ್ತಕದಲ್ಲಿ ‘ಉತ್ತರಿಸಲಿಲ್ಲ’ ಎಂದು ಬರೆಯುವ ಮುನ್ನ ಒಂದು ಚೌಕಟ್ಟು ಕೊಟ್ಟು ನೋಡಿ. ಆಗಲೂ ಮಗು ಸುಮ್ಮನಿದ್ದರೆ ಪಾಠವನ್ನು ಮತ್ತೆ ಮಾಡೋಣ. ಮಾತಾಡಿದರೆ, ನಾವು ಬರೆಯಬೇಕಾದದ್ದು ಬೇರೆಯೇ ಇರುತ್ತದೆ.