ನಡುಗಡಲಿನಲ್ಲಿ ಉರಿದುಹೋದ ನಾಲ್ಕು ವರ್ಷ

1852ರ ಆಗಸ್ಟ್ 6, ಬೆಳಗಿನ ಒಂಬತ್ತು ಗಂಟೆ. ಅಟ್ಲಾಂಟಿಕ್ ಸಾಗರದ ನಟ್ಟನಡುವೆ ‘ಹೆಲೆನ್’ ಹಡಗಿನಲ್ಲಿ ನಿಸರ್ಗ ವಿಜ್ಞಾನಿ ಆಲ್ಫ್ರೆಡ್ ರಸೆಲ್ ವಾಲೇಸ್ ಓದುತ್ತ ಕೂತಿದ್ದರು. ಕ್ಯಾಪ್ಟನ್ ಇಳಿದು ಬಂದ. ಹಡಗಿಗೆ ಬೆಂಕಿ ಬಿದ್ದಂತಿದೆ, ಬಂದು ನೋಡಿ ಎಂದ!

ಸರಕಿನ ಅಡಿಯಿಂದ ದಟ್ಟ ಹೊಗೆ. ನೀರು ಸುರಿದರು, ಮತ್ತೆ ಸುರಿದರು, ಉರಿ ಜಗ್ಗಲಿಲ್ಲ. ಪೀಪಾಯಿಗಳಲ್ಲಿ ಕೊಪೈಬಾ ಮರದ ಎಣ್ಣೆ ಕೊತಕೊತ ಕುದಿಯುವ ಸದ್ದು ಮೇಲಕ್ಕೇ ಕೇಳುತ್ತಿತ್ತು. ವಾಲೇಸ್ ಹೊಗೆಯೊಳಗೆ ನುಗ್ಗಿ, ತಗಡಿನ ಪುಟ್ಟ ಪೆಟ್ಟಿಗೆಗೆ ಮೀನು ಮತ್ತು ತಾಳೆ ಜಾತಿಯ ಮರಗಳ ಚಿತ್ರಗಳನ್ನು ತುರುಕಿಕೊಂಡರು. ಅಷ್ಟೇ. ಹಗ್ಗ ಹಿಡಿದು ದೋಣಿಗೆ ಜಾರುವಾಗ ಅಂಗೈ ಚರ್ಮ ಕಿತ್ತುಬಂತು. ಕೆಳಗೆ ಬಿಸಿಲಿಗೆ ಒಣಗಿ ಬಿರುಕುಬಿಟ್ಟ ದೋಣಿ, ಒಳಗೆಲ್ಲ ನೀರು. ಆ ಹಸಿ ಗಾಯದ ಕೈಯಲ್ಲೇ ಉಪ್ಪುನೀರು ಮೊಗೆಯಬೇಕು!

ಎದುರಿಗೆ, ಅಮೆಜಾನಿನ ಕಾಡಿನಲ್ಲಿ ನಾಲ್ಕು ವರ್ಷ ಜೀವಿಗಳನ್ನು ಸಂಗ್ರಹಿಸಿದ ದುಡಿಮೆ ಧಗಧಗ ಉರಿಯುತ್ತಿತ್ತು. ಅದು ಬರೀ ಚಂದದ ಚಿಟ್ಟೆ, ಜೀರುಂಡೆಗಳ ರಾಶಿಯಲ್ಲ. ಒಂದು ಜೀವಜಾತಿ ನದಿಯ ಈ ದಡದಲ್ಲಿದ್ದು ಆ ದಡದಲ್ಲಿ ಬೇರೆಯದೇ ಏಕಿರುತ್ತದೆ ಎಂಬುದು ಅವರನ್ನು ಕಾಡುತ್ತಿದ್ದ ಪ್ರಶ್ನೆ. ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ: ಅದೇ ಕಾಡಿಗೆ ಬಂದ ಅವರ ತಮ್ಮ ಹರ್ಬರ್ಟ್ ಹಳದಿ ಜ್ವರಕ್ಕೆ ಬಲಿಯಾಗಿದ್ದ.

ಬೆಂಕಿ ಕಂಡು ಯಾವುದಾದರೂ ಹಡಗು ಬಂದೀತೆಂದು ರಾತ್ರಿಯಿಡೀ ಅಲ್ಲೇ ಕಾದರು. ಬರಲಿಲ್ಲ. ದೋಣಿಗಳನ್ನು ಬರ್ಮುಡಾದತ್ತ ತಿರುಗಿಸಿದರು. ಬಿಸ್ಕತ್ತು, ಹಸಿ ಹಂದಿಮಾಂಸ, ಅಳೆದು ಕುಡಿಯುವ ನೀರು. ಬಿಸಿಲಿಗೆ ಮುಖ, ಕೈಯೆಲ್ಲ ಬೊಬ್ಬೆ. ಆಗಸ್ಟ್ 15ರಂದು ‘ಜೋರ್ಡೆಸನ್’ ಹಡಗು ಕಂಡಾಗ ಬರ್ಮುಡಾ ಇನ್ನೂ 200 ಮೈಲಿ ದೂರ! ಬಚಾವಾದೆವೆಂದುಕೊಂಡರೆ ಅದೂ ಹಳೇ ಹಡಗು, ಊಟಕ್ಕೆ ತತ್ವಾರ, ಮೇಲೆ ಬಿರುಗಾಳಿ. ಇಂಗ್ಲೆಂಡಿನ ಡೀಲ್ ದಡ ಮುಟ್ಟಿದ್ದು ಅಕ್ಟೋಬರ್ 1ಕ್ಕೆ.

ಇನ್ನೆಂದೂ ಕಡಲು ನಂಬುವುದಿಲ್ಲ ಎಂದು ಆಣೆ ಮಾಡಿದ್ದ ಈ ಮನುಷ್ಯ ಸುಮ್ಮನಿರುವ ಪೈಕಿಯಲ್ಲ. ಡಿಸೆಂಬರಿನಲ್ಲೇ, ಅಮೆಜಾನಿನ ಮಂಗಗಳಿಗೆ ನದಿಗಳೇ ಗಡಿ ಎಂಬ ಪ್ರಬಂಧ ಓದಿದರು. ತಗಡಿನ ಪೆಟ್ಟಿಗೆಯ ಚಿತ್ರಗಳಿಂದ 1853ರಲ್ಲಿ ತಾಳೆ ಮರಗಳ ಪುಸ್ತಕ ಬಂತು. 1854ರಲ್ಲಿ ಮತ್ತೆ ಹಡಗು ಹತ್ತಿ ಮಲಯ ದ್ವೀಪಗಳತ್ತ! 1858ರಲ್ಲಿ, ಜ್ವರದ ನಡುಕದಲ್ಲಿ ನಿಸರ್ಗದ ಆಯ್ಕೆಯ ತತ್ತ್ವ ಹೊಳೆದು, ಅದನ್ನು ಬರೆದು ಡಾರ್ವಿನ್ನರಿಗೆ ಕಳಿಸಿದರು. ಎಂಟು ವರ್ಷದ ಆ ಅಲೆದಾಟದಲ್ಲಿ ಸಿಕ್ಕ ಮಾದರಿಗಳು 1,25,660. ಅವುಗಳಲ್ಲಿ ಜೀರುಂಡೆಗಳೇ 83,200.